ದೂತ ನಿಂತೇ ಇದ್ದ

ಬೆಂಗಳೂರಿನ ಹೂಡಿಯ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಭಾನುವಾರದ ನಾಟಕದ ಓದು. ಗ್ರೀಕರ ಹಳೆಯ ದುರಂತ ನಾಟಕ. ರಾಣಿಯ ಪಾತ್ರ ನೀಲಾಂಬಿಕಾಳದು; ರಾಜನ ಸಾವಿನ ಸುದ್ದಿ ತರುವ ದೂತ ಸಂಗಮೇಶ್.

ಗೋಡೆಯ ಪಕ್ಕದ ನೀಲಿ ಕುರ್ಚಿ ಖಾಲಿ. ಅದು ನೀಲಾಂಬಿಕಾಳ ಗಂಡ ಮಲ್ಲಿಕ್‌ನದು. ಅವನು ಅಪಘಾತದಲ್ಲಿ ತೀರಿಹೋಗಿ ಮೂರು ವರ್ಷವಾದರೂ ತಂಡದಲ್ಲಿ ಯಾರೂ ಅದರಲ್ಲಿ ಕೂತಿರಲಿಲ್ಲ. ಮೆಟ್ರೋ ಹಾದಾಗಲೆಲ್ಲ ಅದು ಸಣ್ಣಗೆ ನಡುಗುತ್ತಿತ್ತು, ಯಾರೋ ಈಗಷ್ಟೇ ಎದ್ದು ಹೋದ ಹಾಗೆ.

ಅಪಘಾತದ ದಿನ ಆಂಬುಲೆನ್ಸಿನಲ್ಲಿ ಮಲ್ಲಿಕ್‌ನ ಜೊತೆಗಿದ್ದವನು ಗೆಳೆಯ ಸಂಗಮೇಶ್. ಆಸ್ಪತ್ರೆಯ ಬಾಗಿಲಲ್ಲಿ ಅವನು ಬಾಯಿ ತೆರೆದಾಗ ಅವಳು "ಹೇಳ್ಬೇಡಿ" ಎಂದಿದ್ದಳು. ಅವನು ಹೇಳಲಿಲ್ಲ. ಆದರೆ ಕೊತ್ತಂಬರಿ ತರಲೇ ಎಂದು ಕೇಳಲೂ ಫೋನ್ ಮಾಡುತ್ತಿದ್ದ ಗಂಡ ಅವತ್ತೇಕೆ ಮಾಡಲಿಲ್ಲ? ಸಂಜೆಯ ಹೊತ್ತು ಮೊಬೈಲ್ ಸುಮ್ಮನೆ ಮಿನುಗಿದರೂ ಅವಳು ಓಡಿ ಬಂದು ಎತ್ತಿಕೊಳ್ಳುತ್ತಿದ್ದಳು.

"ರಾಣಿ ಮುಖ ನೋಡಿ ಹೇಳ್ಬೇಕು ದೂತರೇ. ನೀವು ನನ್ನ ಚಪ್ಪಲಿ ನೋಡ್ತಿದ್ದೀರಿ," ಎಂದಳು ನೀಲಾಂಬಿಕಾ, ಓದಿನ ನಡುವೆ.

"ಹೊಸದಲ್ವಾ, ಅದಕ್ಕೆ."

ಅವಳು ನಕ್ಕಳು. ಅವನು ತಲೆಯೆತ್ತಿ ಆ ನಗುವನ್ನು ಕಣ್ತುಂಬ ನೋಡಿದ. ಒಡನೆಯೇ ಅವಳ ದೃಷ್ಟಿ ನೀಲಿ ಕುರ್ಚಿಯತ್ತ ಸರಿಯಿತು; ಅವನದು ನೆಲಕ್ಕಿಳಿಯಿತು. ಯಾವಾಗಲೂ ಹೀಗೆಯೇ.

ನಿರ್ದೇಶಕಿ ಶ್ಯಾಮಲಾ ಪೆನ್ಸಿಲ್ ಕುಟ್ಟಿದರು. "ಈ ನಾಟಕಗಳಲ್ಲಿ ಸಾವು ರಂಗದ ಮೇಲೆ ನಡೆಯಲ್ಲ. ಕಂಡವನು ಬಂದು ಹೇಳ್ತಾನೆ. ಆ ದೂತನಿಗೆ ಏನು ಬೇಕು?"

"ಹೇಳಿ ಮುಗಿಸ್ಬೇಕು ಮೇಡಂ," ಎಂದ ಸಂಗಮೇಶ್. "ಕೇಳೋರು ಕೇಳೋವರೆಗೂ ಅವನು ರಂಗ ಬಿಟ್ಟು ಹೋಗೋ ಹಾಗಿಲ್ಲ."

"ರಾಣಿ ಅವನ ಮಾತು ಕೇಳದೇ ಒಳಗೆ ಹೋಗ್ತಾಳಲ್ಲ, ಯಾಕೆ?" ಎಂದರು ಶ್ಯಾಮಲಾ.

ನೀಲಾಂಬಿಕಾ ಕೈಯಲ್ಲಿದ್ದ ಪುಟವನ್ನೇ ದಿಟ್ಟಿಸಿದಳು. "ಕೇಳಿಬಿಟ್ರೆ ರಾಜ ನಿಜವಾಗ್ಲೂ ಸತ್ತುಹೋಗ್ತಾನೆ."

ಶ್ಯಾಮಲಾ ಮೆಲ್ಲಗೆ, "ಟೀ ಕುಡ್ದು ಬರೋಣ" ಎಂದು ಉಳಿದವರನ್ನೆಲ್ಲ ಕರೆದುಕೊಂಡು ಹೊರಟರು. ನೀಲಾಂಬಿಕಾ, ಸಂಗಮೇಶ್ ಇಬ್ಬರೇ ಉಳಿದರು.

"ಸಂಗಮೇಶ್, ಈಗ ಹೇಳಿ. ಅವತ್ತಿಂದು."

ಅವನು ಗೋಡೆಗೊರಗಿ ನಿಂತ. "ಎಚ್ಚರ ಇತ್ತು ಅವನಿಗೆ. ನಿಮಗೆ ಫೋನ್ ಮಾಡ್ಲಾ ಅಂದೆ. 'ಬೇಡ, ನೀಲಾ ಗಾಡಿ ಓಡಿಸ್ತಿರ್ತಾಳೆ, ಗಾಬರಿ ಆಗ್ತಾಳೆ. ಮನೆ ಸೇರ್ಲಿ' ಅಂದ. ಕುಂದಲಹಳ್ಳಿ ಸಿಗ್ನಲ್ ದಾಟೋವಷ್ಟರಲ್ಲಿ ಹಿಡ್ಕೊಂಡಿದ್ದ ನನ್ನ ಕೈ ಬಿಟ್ಟ."

ಅವಳು ಸದ್ದಿಲ್ಲದೆ ಅತ್ತಳು. ಹೊರಗೆ ಮೆಟ್ರೋ ಹಾದುಹೋಯಿತು. ಕುರ್ಚಿ ನಡುಗಿ ಸುಮ್ಮನಾಯಿತು.

"ಇಷ್ಟನ್ನು ಹೇಳೋಕೆ ಮೂರು ವರ್ಷ ನಿಂತಿದ್ರಾ?"

"ಬರೀ ಹೇಳೋಕಲ್ಲ ನಿಂತಿದ್ದು, ನೀಲಾ."

ಅವನು ಹಾಗೆ ಕರೆದದ್ದು ಅದೇ ಮೊದಲು. ಅವಳು ಎದ್ದು ನೀಲಿ ಕುರ್ಚಿಯನ್ನು ತನ್ನ ಕುರ್ಚಿಯ ಪಕ್ಕಕ್ಕೆ ಎಳೆದಳು. ಅದರ ಮೇಲಿನ ಧೂಳನ್ನು ವೇಲಿನ ತುದಿಯಿಂದ ನಿಧಾನವಾಗಿ ಒರೆಸಿದಳು.

"ಕಾಲು ನೋಯ್ತಿರ್ಬೇಕು," ಎಂದಳು. "ಕೂತ್ಕೊಳ್ಳಿ."