ಮುಕ್ಕಾಲು ಇಂಚು ಜಾಸ್ತಿ

“ಆರೂ ಮುಕ್ಕಾಲು,” ಎಂದಳು ಹೆಟ್ಟಿ. ಪುಣ್ಯಕ್ಕೆ ಯಾರಿಗೂ ಕೇಳಿಸಲಿಲ್ಲ.

ಸ್ಕೂಲಿನ ಸ್ಕೇಲನ್ನು ಫ್ರಾಕಿಗೆ ಒರೆಸಿ ಮತ್ತೊಮ್ಮೆ ಹಿಡಿದಳು. ಸ್ಕೇಲೂ ಅವಳಷ್ಟೇ ಹಟಮಾರಿ. ಆಗಲೂ ಆರೂ ಮುಕ್ಕಾಲು ಇಂಚೇ.

ಅವಳು ಅಳೆಯುತ್ತಿದ್ದದ್ದು ವಿಲ್ಫ್ ತಾತನ ಲೀಕ್ ಗಿಡವನ್ನು. ಲೀಕ್ ಈರುಳ್ಳಿಯ ದಾಯಾದಿ. ಆದರೆ ಗಡ್ಡೆ ಇಲ್ಲ, ಬಿಳಿ ಕಾಂಡವೇ ಎಲ್ಲ. ಇಂಗ್ಲೆಂಡಿನ ಡರಮ್ ಕಡೆಯ ಆ ಊರಿನಲ್ಲಿ ಕಲ್ಲಿದ್ದಲ ಗಣಿ ಮುಚ್ಚಿತು, ಲೀಕ್ ಶೋ ಎಂಬ ವರ್ಷದ ಸ್ಪರ್ಧೆ ಮಾತ್ರ ನಿಲ್ಲಲಿಲ್ಲ. ಸೆಪ್ಟೆಂಬರಿನ ಒಂದು ಶನಿವಾರ ಊರಿನ ಕ್ಲಬ್ಬಿನ ಮೇಜಿನ ಮೇಲೆ ಎರಡು ಲೀಕ್‌ಗಳನ್ನು ಜೋಡಿಯಾಗಿ ಇಡಬೇಕು. ಕಾಂಡ ದಪ್ಪ ಇದ್ದಷ್ಟೂ ಒಳ್ಳೆಯದು. ಆದರೆ ಬುಡದಿಂದ ಮೊದಲ ಎಲೆ ಬಿಚ್ಚಿಕೊಳ್ಳುವವರೆಗೆ ಆರು ಇಂಚು ದಾಟುವಂತಿಲ್ಲ. ಒಂದು ದಾಟಿದರೂ ಜೋಡಿಯೇ ಔಟ್.

ತಾತ ಮೂವತ್ತೊಂದು ವರ್ಷ ಒಂದೂ ಶೋ ತಪ್ಪಿಸಿರಲಿಲ್ಲ. ಈ ಸಲ ಮಂಡಿ ಆಪರೇಷನ್ ಆಗಿ ಅಡುಗೆಮನೆಯ ಕಿಟಕಿ ಪಕ್ಕ ಕುರ್ಚಿ ಹಿಡಿದ. ಹಿತ್ತಲು ಹೆಟ್ಟಿಯ ಪಾಲಿಗೆ ಬಂತು.

“ಬುಡಕ್ಕೆ ನೀರು ಹಾಕು ಪುಟ್ಟಿ, ಎಲೆಗೆ ಸ್ನಾನ ಮಾಡಿಸ್ಬೇಡ,” ಎಂದು ಕಿಟಕಿಯಿಂದಲೇ ಕೂಗುತ್ತಿದ್ದ. “ಕಿತ್ತಳೆ ಚುಕ್ಕೆ ಕಂಡ್ರೆ ಆ ಎಲೆ ಕಿತ್ತು ಬಿಸಾಕು. ಅದು ತುಕ್ಕುರೋಗ.”

ಅವಳು ಎಲ್ಲ ಮಾಡಿದಳು. ಆದರೂ ಆಗಸ್ಟಿನ ಮಳೆಗೆ ಹತ್ತು ಗಿಡಗಳಿಗೆ ತುಕ್ಕುರೋಗ ಹತ್ತಿ, ಅವನ್ನು ಕಿತ್ತೆಸೆಯಬೇಕಾಯಿತು. ಆರೋಗ್ಯವಾಗಿ ಉಳಿದದ್ದು ಎರಡೇ. ಅದರಲ್ಲೂ ಬೇಲಿ ಪಕ್ಕದ್ದು ಹೆಟ್ಟಿಯ ಒಂದು ಕೈ ಹಿಡಿತಕ್ಕೆ ಸಿಗದಷ್ಟು ದಪ್ಪ.

ಎಡವಟ್ಟಾದದ್ದು ಆ ಬೇಲಿಯಿಂದಲೇ. ಆಚೆ ಕಡೆ ಹೆಸ್ಲಪ್ ಅಂಕಲ್ ಬೆಳೆಸಿದ ಲೀಕ್‌ಗಳು ಅವಳ ಎದೆಯವರೆಗೆ ನಿಂತಿದ್ದವು. ತಮ್ಮದು ಕುಳ್ಳ ಎಂದು ಅವಳಿಗೆ ಹೊಟ್ಟೆಕಿಚ್ಚು. ಬೆಳಕು ತಾಗದೆ ಕಾಂಡ ಬೆಳ್ಳಗಾಗಲೆಂದು ಗಿಡಕ್ಕೆ ಸುತ್ತಿದ್ದ ರಟ್ಟಿನ ಕಾಲರ್ ಇತ್ತಲ್ಲ, ದಪ್ಪ ಗಿಡದ ಆ ಕಾಲರನ್ನು ದಿನಾ ಒಂದಿಷ್ಟು ಮೇಲಕ್ಕೆ ಸರಿಸಿದಳು. ಬೆಳಕು ಹುಡುಕುತ್ತ ಗಿಡವೂ ಮೇಲೆ ಬಂತು. ಅಂಕಲ್ ಬೆಳೆಸುವುದು ಉದ್ದದ ಜಾತಿ, ಅದರ ಸ್ಪರ್ಧೆಯೇ ಬೇರೆ ಎಂದು ತಿಳಿದದ್ದು ಶುಕ್ರವಾರ, ಕ್ಲಬ್ಬಿನ ನೋಟಿಸ್ ಓದಿದಾಗ. ಆರಿಂಚಿನ ಮಾತನ್ನು ತಾತ ಹೇಳಿರಲಿಲ್ಲ. ಊರಿಗೆಲ್ಲ ಗೊತ್ತಿರುವುದನ್ನು ಯಾರು ಹೇಳುತ್ತಾರೆ?

ಈಗ ಅದೇ ಶುಕ್ರವಾರದ ಸಂಜೆ, ನಾಳೆಯೇ ಶೋ. ಗಿಡ ಕೀಳಲು ತಾತ ಇನ್ನೇನು ಬರುತ್ತಾನೆ.

ಇದನ್ನೂ ಕಿತ್ತು ಆ ಹತ್ತರ ಜೊತೆ ಎಸೆದುಬಿಟ್ಟರೆ? ತುಕ್ಕುರೋಗ ಬಂತು ಅಂದರಾಯಿತು. ಹೆಟ್ಟಿ ಎರಡೂ ಕೈಯಲ್ಲಿ ಕಾಂಡ ಹಿಡಿದಳು. ತಣ್ಣಗಿತ್ತು, ನುಣ್ಣಗಿತ್ತು. ಒಂದು ಚುಕ್ಕೆ ಇಲ್ಲ. ಮೂರು ತಿಂಗಳು ದಿನಾ ಎರಡು ಹೊತ್ತು ನೋಡಿಕೊಂಡ ಗಿಡ. ಕೈ ಬಿಟ್ಟಳು.

ಊರುಗೋಲಿನ ಸದ್ದು ಹತ್ತಿರ ಬಂತು.

“ತಾತ, ಇದು ಉದ್ದ ಆಗಿದೆ. ಕಾಲರ್ ನಾನೇ ಎಳೆದೆ. ಎತ್ತರ ಆದ್ರೆ ಗೆಲ್ತೀವಿ ಅಂದ್ಕೊಂಡೆ.”

ತಾತ ಜೇಬಿನಿಂದ ತನ್ನ ಮರದ ಸ್ಕೇಲ್ ತೆಗೆದು ಕಷ್ಟಪಟ್ಟು ಬಗ್ಗಿದ. ಅಳೆದ. ಇನ್ನೊಂದು ಗಿಡವನ್ನೂ ಅಳೆದ. ಅದು ಸರಿಯಾಗಿ ಆರೇ ಇತ್ತು.

“ಜೋಡಿ ಇಲ್ಲ,” ಎಂದ.

“ಬಯ್ಯಿ ತಾತ.”

“ಬೈದ್ರೆ ಗಿಡ ಕೆಳಗಿಳಿಯುತ್ತಾ? ನಡಿ, ಟೀ ಮಾಡು.”

ಬೈದಿದ್ದರೇ ಚೆನ್ನಾಗಿತ್ತು. ಟೀ ಕುಡಿಯುವಾಗ ತಾತ ಮರದ ಸ್ಕೇಲನ್ನು ಒರೆಸಿ ಡ್ರಾಯರಿನೊಳಗೆ ಇಟ್ಟ. ಹೆಟ್ಟಿ ಬಿಸ್ಕತ್ತನ್ನು ಹಾಗೇ ತಟ್ಟೆಯಲ್ಲಿ ಬಿಟ್ಟಳು.

ಶನಿವಾರ ತಾತ ಟೈ ಕಟ್ಟಿಕೊಂಡು ಹೊರಟ. ಕ್ಲಬ್ಬಿನ ಹಾಲ್ ತುಂಬ ಲೀಕ್ ವಾಸನೆ. ಕಪ್ಪು ಬಟ್ಟೆ ಹಾಸಿದ ಉದ್ದ ಮೇಜಿನ ಮೇಲೆ ತೊಳೆದ ಲೀಕ್‌ಗಳು ಜೋಡಿ ಜೋಡಿಯಾಗಿ ಮಲಗಿದ್ದವು. ಹದಿನಾಲ್ಕನೇ ನಂಬರಿನ ಜಾಗ ಖಾಲಿ ಇತ್ತು. ಅದು ತಾತನದು. ಹೆಟ್ಟಿ ಅತ್ತ ನೋಡಬಾರದೆಂದುಕೊಂಡಳು, ಕಣ್ಣು ಅಲ್ಲಿಗೇ ಹೋಯಿತು.

ಹೆಸ್ಲಪ್ ಅಂಕಲ್ ಹತ್ತಿರ ಬಂದರು. “ಏನ್ ವಿಲ್ಫ್, ಮಂಡಿ ಜೊತೆ ಲೀಕೂ ಕೈಕೊಡ್ತಾ? ಬೇಲಿ ಪಕ್ಕ ಒಂದು ಭಾರಿ ಗಿಡ ಇತ್ತಲ್ಲಯ್ಯ.”

ಸುತ್ತಲಿನವರೆಲ್ಲ ತಿರುಗಿ ನೋಡಿದರು. ಹೆಟ್ಟಿ ತನ್ನ ಬೂಟನ್ನೇ ನೋಡುತ್ತ ನಿಂತಳು.

“ಅದನ್ನ ಕೀಳ್ಲಿಲ್ಲ,” ಎಂದ ತಾತ. “ಬೀಜಕ್ಕೆ ಬಿಟ್ಟಿದೀನಿ. ಅಷ್ಟು ದಪ್ಪದ್ದು, ಅಷ್ಟು ಕ್ಲೀನಾಗಿರೋದು ನನ್ನ ಕೈಲಿ ಯಾವತ್ತೂ ಬಂದಿಲ್ಲ. ಇವಳು ಬೆಳೆಸಿದ್ದು.”

“ಹಂಗಾದ್ರೆ ನಂಗೂ ಒಂದೆರಡು ಸಸಿ ಇಟ್ಟಿರು.”

“ಅವಳನ್ನ ಕೇಳು. ಗಿಡ ಅವಳದು.”

ಹೆಸ್ಲಪ್ ಅಂಕಲ್ ನಿಜವಾಗಿಯೂ ಅವಳ ಕಡೆ ತಿರುಗಿದರು. “ಕೊಡ್ತೀಯೇನಮ್ಮ?”

ಹೆಟ್ಟಿ ತಲೆ ಎತ್ತಿ ತಾತನ ಮುಖ ನೋಡಿದಳು. ಮುಕ್ಕಾಲು ಇಂಚಿನ ಸುದ್ದಿ ಈ ಹಾಲಿನಲ್ಲಿ ಇಬ್ಬರಿಗೇ ಗೊತ್ತು. ತಾತ ಅದನ್ನು ಯಾರಿಗೂ ಹೇಳುವುದಿಲ್ಲ ಎಂದೂ ಗೊತ್ತಾಯಿತು.

“ಕೊಡ್ತೀನಿ ಅಂಕಲ್,” ಎಂದಳು. “ಆದ್ರೆ ಕಾಲರ್ ಹುಷಾರು. ನಾನು ಜಾಸ್ತಿ ಎಳೆದ್ಬಿಟ್ಟೆ. ಅದಕ್ಕೇ ಆ ಜಾಗ ಖಾಲಿ.”

ತಾತ ಊರುಗೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ ಅವಳ ಹೆಗಲ ಮೇಲೆ ಭಾರ ಬಿಟ್ಟ.

ಭಾನುವಾರ ಬೆಳಿಗ್ಗೆ ಹೆಟ್ಟಿ ನೀರಿನ ಕ್ಯಾನ್ ಹಿಡಿದು ಹಿತ್ತಲಿಗೆ ಹೋದಳು. ಬುಡಕ್ಕೆ ನೀರು ಹಾಕಿದಳು. ಎಲೆಯ ಅಡಿ ತಿರುಗಿಸಿ ಚುಕ್ಕೆ ಇದೆಯೇ ಎಂದು ನೋಡಿದಳು. ಸ್ಕೇಲನ್ನು ಅವಳು ತಂದೇ ಇರಲಿಲ್ಲ.