ಹಿಮದ ಟೈರು ಕೇಳಿ ಬಂದವಳು

ಜನವರಿಯ ಎರಡನೆಯ ವಾರ. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಬನಶಂಕರಿಯ ತನ್ನ ಟೈರ್ ಅಂಗಡಿಯಲ್ಲಿ ಗೌರೀಶಂಕರ ಒಂದು ಕಾರಿನ ಚಕ್ರ ಬಿಚ್ಚುತ್ತಿದ್ದಾಗ ಹಿಂದಿನಿಂದ ದನಿ ಕೇಳಿಸಿತು.

"ಏನ್ರಿ, ಇಲ್ಲಿ ಸ್ನೋ ಟೈರ್ ಸಿಗ್ತಾವೇನ್ರಿ?"

ತಿರುಗಿ ನೋಡಿದ. ಸಾಸಿವೆ ಬಣ್ಣದ ಸ್ವೆಟರ್, ಕೊರಳಲ್ಲಿ ಆಫೀಸಿನ ಐಡಿ ಕಾರ್ಡ್, ಬಿಸಿಲಿಗೆ ಕಿರಿದಾದ ಕಣ್ಣು. ಅವಳ ಹಿಂದೆ ಕಾರಾಗಲಿ ಸ್ಕೂಟರಾಗಲಿ ಇರಲಿಲ್ಲ.

"ಯಾವ ಗಾಡಿಗೆ ಮೇಡಂ?"

"ನನ್ನ ಹತ್ರ ಗಾಡಿನೇ ಇಲ್ರಿ. ಸುಮ್ನ ನೋಡಬೇಕಾಗಿತ್ತು."

ಟೈರನ್ನು ಸುಮ್ಮನೆ ನೋಡಲು ಬಂದವರನ್ನು ಅವನು ಅಂದಿನವರೆಗೆ ಕಂಡಿರಲಿಲ್ಲ. ಅದೂ ಹಿಮದ ಟೈರು, ಬೆಂಗಳೂರಿನಲ್ಲಿ! ತಮಾಷೆ ಮಾಡುತ್ತಿದ್ದಾಳೇನೋ ಎಂದು ಮುಖ ನೋಡಿದ. ತಮಾಷೆ ಕಾಣಲಿಲ್ಲ. ಪರೀಕ್ಷೆಗೆ ಹೊರಟವಳಂತೆ ಕೈಯಲ್ಲಿ ಪುಟ್ಟ ನೋಟ್‌ಬುಕ್ಕು ಬೇರೆ.

"ಇಲ್ಲೆಲ್ಲೂ ಸಿಗಲ್ಲ ಮೇಡಂ. ಆದ್ರೆ ನಂಗೊತ್ತು. ಹದಿನೈದು ವರ್ಷ ಆರ್ಮಿಲಿ ಡ್ರೈವರ್ ಆಗಿದ್ದೆ. ದ್ರಾಸ್, ಲೇಹ್ ಎಲ್ಲಾ ಓಡಿಸಿದೀನಿ."

ಅವಳ ಕಣ್ಣು ಒಮ್ಮೆಲೇ ಅಗಲವಾಯಿತು. ಆ ಕಣ್ಣಿಗಾಗಿಯೇ ಇರಬೇಕು, ಗೌರೀಶಂಕರ ಕೆಲಸ ಬಿಟ್ಟು ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಟೈರಿನ ಚಿತ್ರ ಬರೆಯತೊಡಗಿದ.

"ಚಳಿ ಏಳು ಡಿಗ್ರಿಗಿಂತ ಕೆಳಗಿಳಿದ್ರೆ ನಮ್ಮ ಮಾಮೂಲಿ ಟೈರಿನ ರಬ್ಬರ್ ಗಟ್ಟಿಯಾಗ್ತಾ ಹೋಗುತ್ತೆ, ಹಿಡಿತ ತಪ್ಪುತ್ತೆ. ಹಿಮದ ಟೈರು ಮೈನಸ್‌ನಲ್ಲೂ ಮೆತ್ತಗಿರುತ್ತೆ. ಮೈಮೇಲೆಲ್ಲಾ ಬ್ಲೇಡಲ್ಲಿ ಗೀರಿದ ಹಾಗೆ ಸಣ್ಣ ಸಣ್ಣ ಸೀಳು. ಒಂದೊಂದು ಸೀಳೂ ಹಿಮ ಕಚ್ಚುತ್ತೆ."

"ಕಚ್ಚತೈತಿ," ಎಂದು ಬರೆದುಕೊಂಡು ಅವಳು ನಕ್ಕಳು. "ಹಲ್ಲಿದ್ದಂಗ."

"ಹೂಂ, ಹಾಗೇನೇ. ಯಾರಿಗೆ ಮೇಡಂ ಇದೆಲ್ಲಾ?"

"ನಮ್ಮವರು ಕೆನಡಾದಾಗ ಅದಾರ್ರಿ. ಹಿಮಗಾಳಿಯೊಳಗ ಗಾಡಿ ಹೊಡೀತಾರ. ಅವರು ಏನರ ಕೇಳಿದ್ರ ನನಗ ಹೇಳಾಕ ಬರೂದಿಲ್ಲ, ನಾಚಿಕಿ ಆಗತೈತಿ."

ಬೆಂಗಳೂರಿನಲ್ಲಿ ಹೆಣ್ಣುಮಗಳೊಬ್ಬಳು 'ನಮ್ಮವರು' ಎಂದರೆ ಅದಕ್ಕೆ ಒಂದೇ ಅರ್ಥ. ಗೌರೀಶಂಕರ ಸೀಮೆಸುಣ್ಣ ಕೆಳಗಿಟ್ಟ. ಒಳಗೆ ಟೈರೊಂದರ ಗಾಳಿ ಸಣ್ಣಗೆ ಇಳಿದ ಹಾಗಾಯಿತು. ಹತ್ತು ನಿಮಿಷದ ಹಿಂದೆ ಮುಖವೂ ಗೊತ್ತಿರದಿದ್ದವಳ ಗಂಡ ಕೆನಡಾದಲ್ಲಿದ್ದರೆ ತನಗೇನಾಗಬೇಕು ಎಂಬುದು ಅವನಿಗೇ ಅರ್ಥವಾಗಲಿಲ್ಲ.

ಹೆಸರು ದಾನಮ್ಮ. ಜಮಖಂಡಿಯ ಕಡೆಯವಳು. ಬಿಟಿಎಂನಲ್ಲಿ ಬಾಡಿಗೆ ರೂಮು, ಜೆ.ಪಿ. ನಗರದಲ್ಲಿ ಆಫೀಸು. ಇಷ್ಟನ್ನು ಅವಳು ಎರಡನೆಯ ದಿನ ಹೇಳಿದಳು. ಹೌದು, ಎರಡನೆಯ ದಿನವೂ ಬಂದಳು. ಮೂರನೆಯ ದಿನವೂ.

"ಎದುರಿನ ಎರಡು ಚಕ್ರಕ್ಕಷ್ಟೇ ಹಾಕಿದ್ರ ಸಾಲೂದಿಲ್ಲೇನ್ರಿ?"

"ಸಾಲಲ್ಲ. ಮುಂದಿಂದು ಹಿಡ್ಕೊಳ್ಳುತ್ತೆ, ಹಿಂದಿಂದು ಜಾರುತ್ತೆ, ಗಾಡಿ ತಿರುಗಿ ನಿಲ್ಲುತ್ತೆ. ನಾಲ್ಕಕ್ಕೂ ಬೇಕು."

"ಹಂಗಂದ್ರ ಗಾಡಿ ನಾಲ್ಕೂ ಕಾಲಿನಾಗ ಬೂಟು ಹಾಕ್ಕೋಬೇಕು."

ಅವಳು ಹೀಗೆ ಏನಾದರೊಂದು ಹೇಳಿ ಓರೆಗಣ್ಣಲ್ಲಿ ನೋಡುವಳು, ಅವನು ನಗುತ್ತಾನೋ ಇಲ್ಲವೋ ಎಂದು. ನಕ್ಕರೆ ತುಟಿಯ ಒಂದು ಬದಿ ಮಾತ್ರ ಮೇಲೇರಿಸಿ, ಗೆದ್ದವಳಂತೆ ನೋಟ್‌ಬುಕ್ ಮುಚ್ಚುವಳು.

ಎರಡನೆಯ ವಾರಕ್ಕೆ ಗೌರೀಶಂಕರನಿಗೆ ತನ್ನ ಮೇಲೇ ಸಿಟ್ಟು ಬರತೊಡಗಿತು. ಎರಡು ಗಂಟೆಯಾದರೆ ಸಾಕು, ಗ್ರೀಸಿನ ಕೈ ತಾನಾಗಿಯೇ ಸೋಪಿನ ನೀರಿಗೆ ಹೋಗುತ್ತಿತ್ತು. ಬೇರೊಬ್ಬರ ಹೆಂಡತಿಗೆ ಕಾಯುವುದೆಂದರೇನು? ಅವನು ಮಾತು ಕಡಿಮೆ ಮಾಡಿದ. ಕೇಳಿದ್ದಕ್ಕೆ ಹೌದು, ಇಲ್ಲ, ಅಷ್ಟೇ. ಒಂದು ದಿನ ಅವಳು ಜಯನಗರದಿಂದ ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ ತಂದಳು. ಹೊಟ್ಟೆ ಸರಿಯಿಲ್ಲ ಎಂದ.

"ನನ್ನ ಮ್ಯಾಲ ಸಿಟ್ಟಾಗೀರೇನ್ರಿ?"

"ನಿಮ್ಮ ಮೇಲೆ ಸಿಟ್ಟಾಗೋಕೆ ನಾನ್ಯಾರು ಮೇಡಂ?"

ದಾನಮ್ಮ ಪೊಟ್ಟಣವನ್ನು ಅಲ್ಲೇ ಇಟ್ಟು ಹೋದಳು. ಆಮೇಲೆ ನಾಲ್ಕು ದಿನ ಬರಲಿಲ್ಲ. ಬಾರದಿದ್ದರೆ ಒಳ್ಳೆಯದೇ ಎಂದುಕೊಂಡ. ಒಳ್ಳೆಯದಾದ ಮೇಲೆ ಇಷ್ಟು ಸಂಕಟ ಏಕೆ ಎಂಬುದು ಮಾತ್ರ ತಿಳಿಯಲಿಲ್ಲ.

ಐದನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಫೋನು ಬಂತು. ಅಂಗಡಿಯ ಬೋರ್ಡಿನಲ್ಲಿದ್ದ ನಂಬರು ಅವಳಿಗೆ ಸಿಕ್ಕಿರಬೇಕು. ಪಿಸುಮಾತು.

"ದಾನಮ್ಮ ಮಾತಾಡೂದ್ರಿ. ಲಗೂನ ಹೇಳ್ರಿ. ಅಲ್ಲಿ ಭಾಳ ಹಿಮಗಾಳಿ ಐತಿ, ಕಾರಿನ ಮೂತಿನೂ ಕಾಣವಲ್ದಂತ. ನಾಲ್ಕೂ ಸ್ನೋ ಟೈರ್ ಅದಾವು. ಟೈರ್ ಚಲೋ ಅದಾವು, ಸಾವಕಾಶ ಹೋಗ್ರಿ ಅಂತ ಹೇಳಬೇಕಂತ ನನಗ ಬರದು ಕೊಟ್ಟಾರ. ಹೇಳ್ಲೇನ್ರಿ?"

"ಬೇಡ!" ಅವನ ದನಿ ಅಂಗಡಿ ತುಂಬ ಕೇಳಿಸಿತು. "ಟೈರಿಗೆ ಕಣ್ಣಿರಲ್ಲ. ಹಿಮ ಬಂಪರ್ ಮಟ್ಟಕ್ಕೆ ಬಂದ್ರೆ ಎಂಥಾ ಟೈರೂ ನೆಲ ಮುಟ್ಟಲ್ಲ, ಮಂಜುಗಡ್ಡೆ ಮೇಲೆ ಅದೂ ಜಾರುತ್ತೆ. ರಸ್ತೆ ಬಿಟ್ಟು ಸೈಡಿಗೆ ಹೋಗಿ ನಿಲ್ಲಿಸೋಕೆ ಹೇಳಿ, ಎರಡೂ ಇಂಡಿಕೇಟರ್ ಹಾಕ್ಲಿ. ಇಳಿದು ನಡ್ಕೊಂಡು ಹೋಗೋದು ಬೇಡ. ಎಮರ್ಜೆನ್ಸಿಗೆ ಫೋನ್ ಮಾಡ್ಲಿ. ಹೊಗೆ ಕೊಳವೆ ಹತ್ರ ಹಿಮ ತೆಗೀಬೇಕು, ಇಲ್ಲಾಂದ್ರೆ ವಿಷದ ಗಾಳಿ ಒಳಗೆ ಬರುತ್ತೆ. ಗಂಟೆಗೆ ಹತ್ತು ನಿಮಿಷ ಎಂಜಿನ್ ಆನ್ ಮಾಡಿ, ಗ್ಲಾಸ್ ಒಂದು ಬೆರಳು ಇಳಿಸಿರಲಿ." ಉಸಿರೆಳೆದುಕೊಂಡು ಮೆಲ್ಲಗೆ ಸೇರಿಸಿದ. "ನಿಮ್ಮವರಿಗೆ ಏನೂ ಆಗಲ್ಲ. ಧೈರ್ಯವಾಗಿರಿ."

"ಹೆಂಗ ಧೈರ್ಯ ಬರೂದ್ರಿ? ಕಾರಿನಾಗ ಇರಾಕಿ ಎಪ್ಪತ್ತೆರಡು ವರ್ಷದ ಮುದುಕಿ ಅದಾಳ್ರಿ ಪಾಪ!"

ಫೋನು ಕಟ್ಟಾಯಿತು.

ಗೌರೀಶಂಕರ ಸ್ಪ್ಯಾನರ್ ಹಿಡಿದು ನಿಂತೇ ಇದ್ದ. ಮುದುಕಿಯೇ? ಗಂಡನಲ್ಲವೇ? ಅವಳ ಅಜ್ಜಿ ಕೆನಡಾದಲ್ಲಿ ಕಾರು ಓಡಿಸುತ್ತಾಳೆಯೇ? ಬರೆದುಕೊಟ್ಟವರು ಯಾರು? ಎಷ್ಟು ಯೋಚಿಸಿದರೂ ಲೆಕ್ಕ ಕೂಡಲಿಲ್ಲ. ಮರಳಿ ಫೋನು ಮಾಡಿದರೆ ಸ್ವಿಚ್ ಆಫ್. ಮಧ್ಯಾಹ್ನ ಒಂದು ಗಂಟೆಗೆ ಶಟರ್ ಎಳೆದು, ಅವಳ ಐಡಿ ಕಾರ್ಡಿನಲ್ಲಿ ಓದಿದ್ದ ಆಫೀಸಿನ ಹೆಸರು ಹುಡುಕಿಕೊಂಡು ಜೆ.ಪಿ. ನಗರಕ್ಕೆ ಬೈಕು ಹೊರಡಿಸಿದ.

ಎರಡಕ್ಕೆ ಅವಳು ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು. ಗೇಟಿನ ಬಳಿ ಅವನನ್ನು ಕಂಡು ಮೊದಲು ಬೆರಗಾದಳು, ಆಮೇಲೆ ಅಲ್ಲೇ ನಿಂತು ಅತ್ತುಬಿಟ್ಟಳು.

"ಉಳಿದಾಳ್ರಿ. ಪೊಲೀಸರು ಹೋಗಿ ಕರಕೊಂಡು ಬಂದಾರ. ಐದು ತಾಸು ಕಾರಿನಾಗ ಕುಂತಿದ್ಲಂತ. ಆಮ್ಯಾಲ ಆಸ್ಪತ್ರಿಂದ ಫೋನ್ ಮಾಡಿ ನನ್ನ ಹೆಸರು ಕೇಳಿದ್ಲು."

ಪಕ್ಕದ ದರ್ಶಿನಿಯಲ್ಲಿ ಕಾಫಿ ಲೋಟ ಹಿಡಿದು ನಿಂತಾಗ ಒಂದೊಂದಾಗಿ ತಿಳಿಯಿತು. ಅವಳ ಕೆಲಸ ಕೆನಡಾದ ಟೈರ್ ಗಿರಾಕಿಗಳ ಫೋನಿಗೆ ಉತ್ತರಿಸುವುದು. ಹಿಮವನ್ನು ಚಿತ್ರದಲ್ಲಿ ಬಿಟ್ಟರೆ ಕಂಡವಳಲ್ಲ.

"ನೀವು ನಮ್ಮವರು ಅಂದ್ರಲ್ಲ?"

"ಹೌದ್ರಿ, ನಮ್ಮ ಗಿರಾಕಿ ಮಂದಿ."

"ನಮ್ಮ ಕಡೆ ಹಾಗಂದ್ರೆ ಗಂಡ."

ದಾನಮ್ಮ ಲೋಟ ಕೆಳಗಿಟ್ಟಳು. ಇಷ್ಟು ದಿನದ ಹೌದು, ಇಲ್ಲ, ಹೊಟ್ಟೆ ಸರಿಯಿಲ್ಲ ಎಲ್ಲವೂ ಅವಳ ಮುಖದ ಮೇಲೆ ಹಾದುಹೋದವು. ನಗು ಎಲ್ಲಿಂದ ಬಂತೋ, ಪಕ್ಕದ ಮೇಜಿನವರೂ ತಿರುಗಿ ನೋಡಿದರು.

"ಅದಕ್ಕ ಬಜ್ಜಿ ತಿನ್ನಲಿಲ್ಲ!"

"ಆಮೇಲೆ ತಿಂದೆ," ಎಂದ ಅವನು ತಲೆ ತಗ್ಗಿಸಿ. "ತಣ್ಣಗಾದ ಮೇಲೆ. ಪೂರ್ತಿ."

ನಗು ನಿಂತಿತು. ಅವಳ ಬೆರಳು ಲೋಟದ ಅಂಚಿನ ಸುತ್ತ ಮೆಲ್ಲಗೆ ತಿರುಗುತ್ತಿತ್ತು.

"ಆಫೀಸಿನವರು ಬರದು ಕೊಟ್ಟಿದ್ದು ಬಿಟ್ಟು ಬ್ಯಾರೆ ಹೇಳಿದೆ, ಫೋನ್ ಒಳಗ ಒಯ್ದೆ ಅಂತ ವಾರ್ನಿಂಗ್ ಲೆಟರ್ ಕೊಟ್ರು. ನಾಳಿಂದ ಇ-ಮೇಲ್ ಕೆಲಸ. ಟೈರಿನ ವಿಚಾರ ಕೇಳೂದು ಇನ್ನ ಏನೂ ಉಳೀಲಿಲ್ಲ."

"ಹಾಗಾದ್ರೆ ಅಂಗಡಿಗೆ ಬರಲ್ವಾ?"

"ಟೈರಿನ ಸಲುವಾಗಿ ಬಂದಿದ್ದು ಮೊದಲ ಎರಡು ದಿನ ಅಷ್ಟ ರಿ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕಿವಿ ಬಿಸಿಯಾಯಿತು. ಏನೋ ಹೇಳಲು ಹೊರಟವನು, ಯಾರಿಗೂ ಹೇಳದಿದ್ದ ಇನ್ನೊಂದೇ ಮಾತು ಹೇಳಿದ. ಲೇಹ್ ದಾರಿಯ ಜೋಜಿಲಾ ಕಣಿವೆಯಲ್ಲಿ ಹೀಗೇ ಒಂದು ಹಿಮಗಾಳಿ. ಲಾರಿಯಲ್ಲಿ ಜೊತೆಗಿದ್ದ ಗೆಳೆಯ ಏಕಾಂತಯ್ಯ ನಿಲ್ಲಿಸೋಣ ಎಂದಿದ್ದ. ಹೊಸ ಟೈರು ಮಗಾ, ಏನೂ ಆಗಲ್ಲ ಎಂದು ಇವನೇ ಓಡಿಸಿದ. ಲಾರಿ ಜಾರಿತು. ಏಕಾಂತಯ್ಯನ ಬಲಗಾಲು ಹೋಯಿತು.

"ಅವರು ನಿಮಗ ಬೈದ್ರೇನು?"

"ಇಲ್ಲ. ತುಮಕೂರಲ್ಲಿದ್ದಾನೆ. ಫೋನ್ ಮಾಡ್ತಾನೇ ಇದ್ದ. ನಾನೇ ಎತ್ತಲಿಲ್ಲ. ಮೂರು ವರ್ಷ ಆಯ್ತು."

ದಾನಮ್ಮ ಅವನ ಜೇಬಿನಿಂದ ಇಣುಕುತ್ತಿದ್ದ ಫೋನು ತೆಗೆದು ಅವನ ಕೈಗಿಟ್ಟಳು. "ಈಗ ಅವರಿಗೆ ಫೋನ್ ಹಚ್ರಿ. ನಾ ಇಲ್ಲೇ ಇರ್ತೇನಿ."

ಅವನು ನಂಬರು ಒತ್ತಿದ. ನಾಲ್ಕನೆಯ ರಿಂಗಿಗೆ ಆ ಕಡೆಯಿಂದ ಗಡಸು ದನಿ. "ಲೇ ಶಂಕರಾ! ಬದುಕಿದ್ದೀಯೇನೋ ಮಗಾ?"

ಗೌರೀಶಂಕರ ಅಳತೊಡಗಿದ. ಅವನು ಅಳುವುದು ಆ ಕಡೆಗೂ ಕೇಳಿಸಿರಬೇಕು. ದಾನಮ್ಮ ಮೆಲ್ಲಗೆ ಫೋನು ತೆಗೆದುಕೊಂಡಳು.

"ನಮಸ್ಕಾರ್ರಿ. ಇವರಿಗೆ ಮಾತಾಡಾಕ ಆಗವಲ್ದು. ಒಂದು ನಿಮಿಷ ತಡೀರಿ."

"ನೀವ್ಯಾರಮ್ಮ?"

ಅವಳು ಗೌರೀಶಂಕರನ ಒದ್ದೆ ಮುಖ ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ.

"ನಾ ದಾನಮ್ಮ ಅಂತ್ರಿ. ಇವರನ್ನ ಮದಿವಿ ಆಗಾಕಿ. ನೀವು ಬರಬೇಕ್ರಿ ಮತ್ತ."

ತಾನು ಯಾವಾಗ ಕೇಳಿದೆ, ಅವಳು ಯಾವಾಗ ಒಪ್ಪಿದಳು, ಗೌರೀಶಂಕರನಿಗೆ ಒಂದೂ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು ಫೋನಿನ ಹತ್ತಿರ ಬಾಗಿ, "ಹೂಂ ಕಣೋ, ಬಾ," ಎಂದ.