ಬಾಟಲಿಯ ತಳದ ಕಪ್ಪು ಬಳೆ

"ಇದಕ್ಕ ನಾ ಸಹಿ ಹಾಕಂಗಿಲ್ಲ ಮೇಡಂ," ಎಂದು ಕಿರಿಯ ಸಂಶೋಧಕಿ ಅಂಜಲಿ ತಪ್ಪೊಪ್ಪಿಗೆ ಪತ್ರವನ್ನು ಮುಖ್ಯಸ್ಥೆ ಗಂಗಾಂಬಿಕಾ ಕಡೆಗೆ ಹಿಂದಕ್ಕೆ ತಳ್ಳಿದಳು.

ಹೊಸಪೇಟೆಯ ಆ ಪ್ರಯೋಗಾಲಯದಲ್ಲಿ ಸೋಮವಾರ ಬೆಳಿಗ್ಗೆ ಒಂದು ಬಾಟಲಿ ಕೆಟ್ಟಿತ್ತು. ಅದರೊಳಗಿದ್ದದ್ದು ಕೂದಲೆಳೆಗಿಂತ ಸಣ್ಣ ರೋಬೋಗಳ ಹಿಂಡು. ಹೊರಗಿನಿಂದ ಆಯಸ್ಕಾಂತ ಹಿಡಿದು ನಡೆಸಿದರೆ ರಕ್ತನಾಳದಲ್ಲಿ ಈಜಿ, ರೋಗವಿರುವ ಜಾಗಕ್ಕೇ ಔಷಧಿ ಮುಟ್ಟಿಸಬೇಕಾದವು. ಶನಿವಾರ ಸಂಜೆ ಗಂಗಾಂಬಿಕಾ ಎದುರಿಗೇ ಚೆನ್ನಾಗಿ ಈಜಿದ್ದವು. ಬಾಟಲಿ ಮುಚ್ಚಿಟ್ಟು ಅಂಜಲಿ ಸಂಡೂರಿನ ಮನೆಗೆ ಹೋಗಿದ್ದಳು. ಈಗ ಎಲ್ಲ ಗಂಟುಕಟ್ಟಿ ತಳ ಸೇರಿದ್ದವು, ಮೇಲೆ ಕೆಂಪು ಧೂಳು.

"ಗಣಿ ಧೂಳು! ಶನಿವಾರ ಈಕಿ ಬಟ್ಟಿಯಿಂದ ಬಿದ್ದೈತಿ. ಆಯಸ್ಕಾಂತಕ್ಕ ಅದಿರು ಜಗ್ಗಿ ಎಲ್ಲಾ ಗಂಟಾಗೈತಿ," ಎಂದು ಹಿರಿಯ ಸಂಶೋಧಕ ಹಾಲೇಶ್ ಹತ್ತು ಮಂದಿಯ ಎದುರು ಕೂಗಾಡಿದ್ದ. "ಬೀಗದ ಕೈ ನನ್ನ ಹತ್ರಾನೇ ಇತ್ತು. ಭಾನುವಾರ ಫೈಲ್ ಒಯ್ಯಾಕ ಬಂದಿದ್ದೆ, ಬಾಟಲಿ ಮುಟ್ಟಿಲ್ಲ."

ಅಪ್ಪ ಗಣಿಯಲ್ಲಿ ದುಡಿದದ್ದೇ ತನ್ನ ಅಪರಾಧವೇ? ಅಂಜಲಿಗೆ ಮೈ ಉರಿಯಿತು. ಸಹಿ ಹಾಕದಿದ್ದರೆ ಕೆಲಸ ಹೋಗುತ್ತದೆ, ಹಾಕಿದರೆ ಮಾನ. ಫೋನ್ ಮಾಡಿ ಸಂಡೂರಿನ ಅನುಸೂಯಕ್ಕನನ್ನು ಕರೆಸಿದಳು. ಮೂವತ್ತು ವರ್ಷ ಗಣಿಯಲ್ಲಿ ಅದಿರು ಪರೀಕ್ಷಿಸಿ, ಊರಿನ ಎಷ್ಟೋ ಕಳ್ಳರ ಬಣ್ಣ ಬಯಲು ಮಾಡಿದವಳು ಆಕೆ.

ಅನುಸೂಯಕ್ಕ ಭೂತಗನ್ನಡಿ ಹಿಡಿದು ಬಾಟಲಿಯ ತಳ ನೋಡಿದಳು. ಕಪ್ಪು ಗಂಟು ಬಳೆಯಂತೆ ದುಂಡಗಿತ್ತು, ನಡುವೆ ಖಾಲಿ. ಹಾಲೇಶನ ಮೇಜಿನ ಮೇಲೆ ಹಳೆಯ ಸ್ಪೀಕರಿನ, ನಡುವೆ ತೂತಿದ್ದ ದುಂಡು ಆಯಸ್ಕಾಂತವಿತ್ತು. ಕಾಗದ ಹಾರದಂತೆ ಇಟ್ಟ ಕೆಂಪು ಅದಿರಿನ ಕಲ್ಲೂ ಇತ್ತು.

"ಮೂರೂ ಮಂದಿ ಕುಂದ್ರಿ," ಎಂದು ಗಂಗಾಂಬಿಕಾ, ಹಾಲೇಶ್, ಅಂಜಲಿಗೆ ಹೇಳಿ ಆ ಕಲ್ಲನ್ನು ಕೆರೆದು ಪುಡಿಯನ್ನು ಹಾಳೆಯ ಮೇಲೆ ಉದುರಿಸಿದಳು. ಕೆಳಗೆ ಆ ದುಂಡು ಆಯಸ್ಕಾಂತ ಆಡಿಸಿದಳು. ಪುಡಿ ಅಲುಗಲಿಲ್ಲ.

"ನಮ್ಮ ಕೆಂಪು ಅದಿರು ಇಂಥಾದಕ್ಕ ಜಗ್ಗಂಗಿಲ್ಲ. ಗಣ್ಯಾಗ ದುಡಿದೋರಿಗೆ ಗೊತ್ತು, ನಿಮಗ ಗೊತ್ತಿಲ್ಲ ಹಾಲೇಶ್ ಸರ್. ಅಂದ್ರ ಧೂಳಿಂದ ಗಂಟಾಗಿಲ್ಲ. ಧೂಳು ಗಂಟಿನ ಮ್ಯಾಲೈತಿ, ಒಳಗಿಲ್ಲ. ಆಮ್ಯಾಲೆ ಹಾಕ್ಯಾರ." ಆಯಸ್ಕಾಂತವನ್ನು ಬಾಟಲಿಯಡಿ ಹಿಡಿದಳು. ಕಪ್ಪು ಬಳೆಗೆ ಸರಿಯಾಗಿ ಕೂತಿತು. "ಶನಿವಾರ ಚಲೋ ಇತ್ತು. ಭಾನುವಾರ ಬೀಗ ತೆಗೆದೋರು ನೀವೊಬ್ರೇ."

ಹಾಲೇಶ್ ಒಪ್ಪಿಕೊಂಡ. "ಗೆಳೆಯರನ್ನ ಕರಕೊಂಡ್ ಬಂದು ತೋರ್ಸಾಕ ಆಯಸ್ಕಾಂತ ಹಚ್ಚಿದ್ದೆ, ತೆಗೆಯೋದು ಮರ್ತೆ. ಬೆಳಿಗ್ಗೆ ನೋಡಿ ಅಂಜಿಕಿ ಆತು, ಆ ಕಲ್ಲು ಕೆರೆದು ಧೂಳು ಹಾಕಿದೆ."

"ಆದದ್ದಾತು ಅಂಜಲಿ, ಕೆಲಸಕ್ಕ ನಡಿ," ಎಂದರು ಗಂಗಾಂಬಿಕಾ.

"ಹೆಂಗ ನಡೀಲಿ ಮೇಡಂ? ನನ್ನ ಬೈದಾಗ ಹತ್ತು ಮಂದಿ ಕೇಳ್ಯಾರ. ಅವರನ್ನ ಕರೀರಿ, ಸರ್ ಅವರ ಮುಂದ ಖರೇ ಹೇಳಲಿ. ಅಲ್ಲೀಮಟ ಏಳಂಗಿಲ್ಲ."

ಬಾಗಿಲ ನಡುವೆ ಕುರ್ಚಿ ಎಳೆದುಕೊಂಡು ಅಂಜಲಿ ಕೂತಳು. ಗಂಗಾಂಬಿಕಾ ಎದ್ದು ಬಾಗಿಲ ಹತ್ತಿರ ಬಂದರು. ಆಮೇಲೆ ಒಬ್ಬೊಬ್ಬರ ಹೆಸರು ಹಿಡಿದು ತಾವೇ ಕೂಗತೊಡಗಿದರು.